ಮುಕ್ತ ತಂತ್ರಾಂಶವೂ ಪಾಲಕಧರ್ಮವೂ

ಎಲ್ಲರಿಗೂ ಸೇರಿದ ವಸ್ತುವಿಗೆ ಯಾರೂ ಹೊಣೆಗಾರರಾಗಬೇಕಾದುದಿಲ್ಲವೆಂಬ ಅಭಿಪ್ರಾಯವು ವಿದ್ಯಾವಂತರಲ್ಲಿಯೂ ಬೇರೂರಿರುವುದನ್ನು ಕಾಣಬಹುದು. ದೇವಸ್ಥಾನದ ಹುಂಡಿಗೆ ಲೆಕ್ಕ ಕೇಳುವವರು, ಸಹಕಾರ ಸಂಘದ ಮಹಾಸಭೆಯಲ್ಲಿ ಎದ್ದುನಿಂತು ಜಮಾಖರ್ಚಿನ ಒಂದೊಂದು ಬಾಬನ್ನೂ ಪ್ರಶ್ನಿಸುವವರು, ತಮ್ಮ ಕೈಯೊಳಗಿನ ಮೊಬೈಲ್ ಫೋನಿನಲ್ಲಿ ಹಗಲಿರುಳೂ ಕೆಲಸಮಾಡುತ್ತಿರುವ ಮುಕ್ತ ತಂತ್ರಾಂಶಗಳ ವಿಷಯದಲ್ಲಿ ಮಾತ್ರ, ಅವನ್ನು ಯಾರು ನೋಡಿಕೊಳ್ಳುತ್ತಾರೆ, ಯಾವ ನಿಯಮದಿಂದ ನೋಡಿಕೊಳ್ಳುತ್ತಾರೆ, ನಾಳೆ ಅವರಿಲ್ಲವಾದರೆ ಗತಿಯೇನು, ಎಂಬ ಮೂರು ಪ್ರಶ್ನೆಗಳಲ್ಲಿ ಒಂದನ್ನೂ ಕೇಳುವುದಿಲ್ಲ. ಬೆಲೆ ಕೊಡದೆ ದೊರೆತುದರ ಕುಲಗೋತ್ರಗಳನ್ನು ವಿಚಾರಿಸುವುದೇಕೆ ಎಂಬುದು ಅವರ ಎಣಿಕೆ. ಈ ಎಣಿಕೆ ತಪ್ಪಾದುದು, ಅಪಾಯಕರವೂ ಆದುದು. ಇಂದಿನ ಕನ್ನಡದ ಓದುಬರಹಗಳು ಬಹುಮಟ್ಟಿಗೆ ಇಂಥ ತಂತ್ರಾಂಶಗಳ ಮೇಲೆ ನಿಂತಿರುವುದರಿಂದ, ಅವುಗಳ ಆಡಳಿತದ ಪ್ರಶ್ನೆಯು ಯಂತ್ರವಿದ್ಯೆ ಬಲ್ಲವರ ಖಾಸಗಿ ವಿಷಯವಾಗಿ ಉಳಿದಿಲ್ಲ. ಅದು ಭಾಷೆಯ ಯೋಗಕ್ಷೇಮದ ಪ್ರಶ್ನೆಯಾಗಿದೆ. ಮುಕ್ತ ತಂತ್ರಾಂಶವನ್ನು ನೋಡಿಕೊಳ್ಳುವವನು ಅದರ ಒಡೆಯನಲ್ಲ, ಅದನ್ನು ಬಳಸುವವರ ಆಳೂ ಅಲ್ಲ, ಅವನು ಧರ್ಮದರ್ಶಿ. ಧರ್ಮದರ್ಶಿಗೆ ಬರೆದಿಟ್ಟ ನಿಯಮವಿರಬೇಕು, ಜೊತೆಗಾರರಿರಬೇಕು, ಜೀವನಾಧಾರವಿರಬೇಕು. ಈ ಮೂರನ್ನೂ ಏರ್ಪಡಿಸುವ ಭಾರವು ಅವನೊಬ್ಬನದಲ್ಲ, ಫಲವುಣ್ಣುವವರೆಲ್ಲರದು.

ಮೊದಲು ಶಬ್ದಾರ್ಥವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಮುಕ್ತ ತಂತ್ರಾಂಶವೆಂದರೆ ಬಿಟ್ಟಿಯಾಗಿ ಸಿಕ್ಕುವ ತಂತ್ರಾಂಶವೆಂದು ಕೆಲವರು ತಿಳಿದಿರುವರು. ಬೆಲೆಯ ಮಾತು ಇಲ್ಲಿ ಗೌಣವಾದುದು. ಗಣಕಯಂತ್ರಕ್ಕೆ ಕೊಡುವ ಆಜ್ಞೆಗಳ ಮೂಲಪಾಠವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಪ್ರತಿಮಾಡಿ ಹಂಚಬಹುದು ಎಂದು ಕರ್ತೃವು ಪರವಾನಗಿ ಬರೆದುಕೊಟ್ಟ ತಂತ್ರಾಂಶಕ್ಕೇ ಈ ಹೆಸರು ಸಲ್ಲತಕ್ಕದ್ದು. ಆದರೆ ತಿದ್ದುವ ಹಕ್ಕು ಎಲ್ಲರಿಗೂ ಇದ್ದ ಮಾತ್ರಕ್ಕೆ ಎಲ್ಲರ ತಿದ್ದುಪಡಿಗಳೂ ಅಧಿಕೃತ ಪ್ರತಿಯೊಳಗೆ ಸೇರಲಾರವು. ಹಸ್ತಪ್ರತಿಗಳ ಪಾಠಾಂತರಗಳನ್ನು ಕೂಡಿಸಿ ನೋಡಿ ಶುದ್ಧಪಾಠವನ್ನು ನಿರ್ಣಯಿಸುವ ಗ್ರಂಥಸಂಪಾದಕನಂತೆ, ನಾಲ್ಕು ಕಡೆಯಿಂದ ಬಂದ ತಿದ್ದುಪಡಿಗಳನ್ನು ಪರೀಕ್ಷಿಸಿ, ಒಪ್ಪತಕ್ಕುದನ್ನು ಒಪ್ಪಿ, ತಳ್ಳತಕ್ಕುದನ್ನು ತಳ್ಳಿ, ಕಾಲಕಾಲಕ್ಕೆ ಹೊಸ ಆವೃತ್ತಿಯನ್ನು ತನ್ನ ಮುದ್ರೆಯೊತ್ತಿ ಹೊರಡಿಸುವವನೊಬ್ಬನು ಬೇಕು. ಇಂಗ್ಲಿಷಿನವರು ಅವನನ್ನು ಮೇಂಟೇನರ್ ಎನ್ನುತ್ತಾರೆ, ಕನ್ನಡದಲ್ಲಿ ಪಾಲಕನೆನ್ನಬಹುದು. ಪಾಲಕನ ತೀರ್ಮಾನ ಹಿಡಿಸದವರು ಮೂಲಪಾಠದ ಪ್ರತಿಯನ್ನು ತೆಗೆದುಕೊಂಡು ಬೇರೆ ಕವಲು ಹೊರಡಲು ಸ್ವತಂತ್ರರು. ಆದರೆ ಹೆಸರೂ, ಹೊಸ ಆವೃತ್ತಿಯು ಲಕ್ಷಾಂತರ ಯಂತ್ರಗಳಿಗೆ ತಾನಾಗಿ ಹರಿದುಹೋಗುವ ಕಾಲುವೆಯೂ, ಜನರ ನಂಬಿಕೆಯೂ ಪಾಲಕನ ಬಳಿಯೇ ಉಳಿಯುತ್ತವೆ. ಅವನ ಅಧಿಕಾರವೆಲ್ಲ ಇರುವುದು ಈ ಮೂರರಲ್ಲಿಯೇ.

ಇದು ದೂರದ ದೇಶದ ಮಾತಲ್ಲ. ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿಯ ಹೆಸರನ್ನೇ ತೆಗೆದುಕೊಳ್ಳಬಹುದು. ವೈದ್ಯರೂ ಕಥೆಗಾರರೂ ಆಗಿದ್ದ ರಾಮಣ್ಣನವರು (1938–1998) ತಮ್ಮ ಹೆಸರಿನೊಡನೆ ಸೇರಿಸಿ ಕನ್ನಡ ಸಾಹಿತ್ಯದಲ್ಲಿ ನಿಲ್ಲಿಸಿಹೋದ ಹೆಸರಿದು. ಇದರ ಕೊನೆಯಲ್ಲಿ ಳಕಾರಕ್ಕೆ ಗುಡಿಸು, ಕೆಳಗೆ ಳಕಾರದ ಒತ್ತು. ಹಿಂದೆ ಮುದ್ರಣಾಲಯದಲ್ಲಿ ಮೊಳೆ ಜೋಡಿಸುವವನು ಇದನ್ನು ಕೈಯಿಂದ ಕೂರಿಸುತ್ತಿದ್ದನು. ಈಗ ಯಂತ್ರದ ಸ್ಮೃತಿಯಲ್ಲಿ ಇರುವುದು ಯೂನಿಕೋಡ್ ಕ್ರಮದ ನಾಲ್ಕು ಸಂಕೇತಗಳು ಮಾತ್ರ: ಒಂದು ಳ, ಸ್ವರವನ್ನು ಅಳಿಸುವ ಒಂದು ಚಿಹ್ನೆ, ಇನ್ನೊಂದು ಳ, ಒಂದು ಗುಡಿಸು. ಈ ನಾಲ್ಕನ್ನು ಓದಿ, ಯಾವುದು ಮೇಲೆ, ಯಾವುದು ಕೆಳಗೆ, ಯಾವುದು ಯಾವುದರೊಡನೆ ಕೂಡಬೇಕೆಂದು ನಿರ್ಣಯಿಸಿ, ‘ಳ್ಳಿ’ ಎಂಬ ಒಂದೇ ಆಕೃತಿಯನ್ನು ತೆರೆಯ ಮೇಲೆ ಮೂಡಿಸುವ ಕೆಲಸವನ್ನು ಆಂಡ್ರಾಯ್ಡ್ ಫೋನುಗಳಲ್ಲಿಯೂ, ಫೈರ್‌ಫಾಕ್ಸ್‌ನಲ್ಲಿಯೂ, ಲಿಬ್ರೆಆಫೀಸಿನಲ್ಲಿಯೂ ಮಾಡುತ್ತಿರುವುದು ಹಾರ್ಫ್‌ಬಜ್ ಎಂಬ ಒಂದು ಮುಕ್ತ ತಂತ್ರಾಂಶ. ಪಾರಸೀ ಭಾಷೆಯಿಂದ ಬಂದ ಈ ಹೆಸರಿಗೆ ‘ತೆರೆದ ಅಕ್ಷರ’ ಎಂಬ ಅರ್ಥ. ಇರಾನಿನಲ್ಲಿ ಹುಟ್ಟಿದ ಬೆಹ್ದಾದ್ ಎಸ್ಫಹ್‌ಬೋದ್ ಎಂಬವರು ಹಲವು ವರ್ಷಗಳ ಕಾಲ ಇದರ ಮುಖ್ಯ ಪಾಲಕರಾಗಿ ದುಡಿದಿದ್ದಾರೆ. ಬೆಸಗರಹಳ್ಳಿಯ ರೈತನು ತನ್ನ ಊರ ಹೆಸರನ್ನು ಫೋನಿನಲ್ಲಿ ಓದುವಾಗಲೆಲ್ಲ, ಹೆಸರನ್ನೂ ಕೇಳಿರದ ಒಬ್ಬ ಪರದೇಶಿಯ ಶ್ರಮವನ್ನು ಉಪಯೋಗಿಸುತ್ತಿರುತ್ತಾನೆ.

ಕನ್ನಡಿಗರೇ ಕಟ್ಟಿದ ಉಪಕರಣಗಳೂ ಹೀಗೆಯೇ ಇವೆ. ಕೆ. ಪಿ. ರಾವ್ ಅವರು ರೂಪಿಸಿ, ಪ್ರತಿಫಲ ಬಯಸದೆ ನಾಡಿಗೆ ಬಿಟ್ಟುಕೊಟ್ಟ ಕೀಲಿಮಣೆಯ ವಿನ್ಯಾಸವನ್ನು ಬಳಸಿ ಕನ್ನಡ ಬೆರಳಚ್ಚಿಸುವವರು ಬಹುಮಂದಿ. ವಿ. ಕೃಷ್ಣ ಅವರು ಹಲವು ದಶಕಗಳು ಏಕಾಕಿಯಾಗಿ ದುಡಿದು ಕೂಡಿಸಿದ, 1.5 ಲಕ್ಷಕ್ಕೂ ಹೆಚ್ಚು ಪದಗಳ ಕನ್ನಡ–ಇಂಗ್ಲಿಷ್ ನಿಘಂಟು 2019ರಲ್ಲಿ ‘ಅಲರ್’ ಎಂಬ ಹೆಸರಿನಿಂದ ಮುಕ್ತ ಪರವಾನಗಿಯಡಿಯಲ್ಲಿ ಪ್ರಕಟವಾಯಿತು. ಕನ್ನಡ ವಿಕಿಪೀಡಿಯವು 2003ರಿಂದ ಬೆಳೆದುಬಂದಿದೆ. ಯೂನಿಕೋಡ್ ರೂಢಿಗೆ ಬರುವ ಮುನ್ನ ಬೇರೆ ಬೇರೆ ಅಕ್ಷರವಿನ್ಯಾಸಗಳಲ್ಲಿ ಜೋಡಿಸಿದ ಪುಸ್ತಕಗಳೂ ಪತ್ರಿಕೆಗಳೂ ಆ ವಿನ್ಯಾಸಗಳಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣಿಸುತ್ತವೆ. ಅವನ್ನು ಓದಬಲ್ಲ ಕನ್ನಡವಾಗಿ ಮಾರ್ಪಡಿಸುವ ಮುಕ್ತ ಪರಿವರ್ತಕಗಳನ್ನು ಒಬ್ಬಿಬ್ಬರು ಸ್ವಯಂಸೇವಕರು ಬಿಡುವಿನ ವೇಳೆಯಲ್ಲಿ ಸಿದ್ಧಪಡಿಸಿದರು. ಜಿಲ್ಲೆಯ ಸಾಹಿತ್ಯ ಸಂಘಗಳ ಹಿಂದಿನ ಸಂಚಿಕೆಗಳು ಮುಂದಿನ ತಲೆಮಾರಿಗೆ ದೊರೆಯುವುದೋ ಇಲ್ಲವೋ ಎಂಬುದು ಇಂಥವರ ಬಿಡುವನ್ನು ಅವಲಂಬಿಸಿದೆ ಎಂದರೆ ಅತಿಶಯೋಕ್ತಿಯಾಗಲಾರದು.

ಒಬ್ಬನ ಪಾಲನೆಯಲ್ಲಿ ಎಲ್ಲರ ಸೊತ್ತು ಇರುವ ವ್ಯವಸ್ಥೆಯು ಈ ಸೀಮೆಗೆ ಹೊಸತಲ್ಲ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಮೊದಲಾಗಿ, ಮುಂದೆ ಅದರ ನಾಲೆಯ ನೀರು ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆಗೆ ಹರಿಯುವುದಕ್ಕೆ ಮುಂಚೆ ಇಲ್ಲಿಯ ಬೇಸಾಯಕ್ಕೆ ಮಳೆಯೂ ಕೆರೆಯೂ ಆಧಾರವಾಗಿದ್ದವು. ಕೆರೆಗೆ ನೀರುಗಂಟಿಯೊಬ್ಬನಿರುತ್ತಿದ್ದನು. ತೂಬನ್ನು ತೆರೆದು ಮುಚ್ಚುವವನು ಅವನು. ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವವನು ಅವನು. ಮಳೆಗಾಲದ ರಾತ್ರಿ ಏರಿಯ ಮೇಲೆ ನಡೆದು ಬಿರುಕು ಕಂಡರೆ ಊರನ್ನು ಎಬ್ಬಿಸುವವನೂ ಅವನೇ. ಕೆರೆಯಾಗಲಿ ನೀರಾಗಲಿ ಅವನದಾಗಿರಲಿಲ್ಲ. ತೂಬು ಮಾತ್ರ ಅವನ ಕೈಯಲ್ಲಿತ್ತು. ಸುಗ್ಗಿಯಲ್ಲಿ ಕಣದಿಂದ ಕಾಳು ಮನೆಗೆ ಹೋಗುವ ಮೊದಲು ಅವನ ಆಯವನ್ನು ಅಳೆದು ಕೊಡುತ್ತಿದ್ದರು. ಅದಕ್ಕೂ ಹಿಂದಿನ ಕಾಲದ ಶಾಸನಗಳಲ್ಲಿ ಬಿತ್ತುವಟ್ಟ, ದಶವಂದ ಎಂಬ ಹೆಸರುಗಳಿಂದ ಕೆರೆಯನ್ನು ಕಟ್ಟಿಸಿದವರಿಗೂ ಅದನ್ನು ಸುಸ್ಥಿತಿಯಲ್ಲಿಡುವುದಕ್ಕೂ ಭೂಮಿಯನ್ನೋ ಉತ್ಪತ್ತಿಯ ಭಾಗವನ್ನೋ ಬಿಟ್ಟುಕೊಟ್ಟ ಸಂಗತಿ ಕಾಣಬರುತ್ತದೆ.

ಈ ಹಳೆಯ ಏರ್ಪಾಡನ್ನು ಇದ್ದ ಹಾಗೆಯೇ ಹೊಗಳುವುದು ಸಲ್ಲದು. ನೀರುಗಂಟಿತನವು ಹುಟ್ಟಿನಿಂದ ಬಂದ ಕಟ್ಟಾಗಿದ್ದಿತು. ಅನೇಕ ಕಡೆಗಳಲ್ಲಿ ಅದು ದಲಿತ ಮನೆತನಗಳ ಮೇಲೆ ಹೊರಿಸಿದ ಹೊರೆಯಾಗಿದ್ದಿತು. ಬೇರೆಯವರ ಗದ್ದೆಗೆ ನೀರು ಹಾಯಿಸಿದವನಿಗೆ ಸ್ವಂತ ಗದ್ದೆಯಿಲ್ಲದಿರುವುದೂ, ಊರ ನೀರನ್ನು ಕಾದವನಿಗೆ ಊರ ಬಾವಿಯ ನೀರು ನಿಷಿದ್ಧವಾಗಿರುವುದೂ ಉಂಟಾಗಿದ್ದಿತು. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು 1961ರ ಶಾಸನವು ರದ್ದುಮಾಡಿದುದು ನ್ಯಾಯವೇ ಸರಿ. ಆದರೆ ಆ ಏರ್ಪಾಡು ಮೂರು ಪ್ರಶ್ನೆಗಳಿಗೆ ಉತ್ತರ ಹೇಳುತ್ತಿದ್ದಿತು: ತೂಬು ಯಾರ ಕೈಯಲ್ಲಿ? ನೀರು ಯಾವ ಸರದಿಯಲ್ಲಿ? ಕಾಯುವವನಿಗೆ ಕೂಳು ಎಲ್ಲಿಂದ? ಜಗತ್ತಿನ ಅತ್ಯಂತ ನೂತನವಾದ ಉದ್ಯಮವು ಈ ಮೂರು ಪ್ರಶ್ನೆಗಳನ್ನು ತನ್ನ ತಳಹದಿಯ ವಿಷಯದಲ್ಲಿ ಬಹುಕಾಲ ಕೇಳಿಕೊಳ್ಳಲೇ ಇಲ್ಲ. ಸ್ವಯಂಸೇವಕನನ್ನು ಹೊಗಳಿ ಹೊರೆಯನ್ನೆಲ್ಲ ಅವನ ತಲೆಯ ಮೇಲಿಡುವ ಇಂದಿನ ಪದ್ಧತಿಯು ಹಳೆಯ ಅನ್ಯಾಯವನ್ನು ಉಳಿಸಿಕೊಂಡು ಹಳೆಯ ಆಯವನ್ನು ಮಾತ್ರ ಕೈಬಿಟ್ಟಂತಾಗಿದೆ.

ಇಲ್ಲಿ ಒಂದು ಆಕ್ಷೇಪವನ್ನು ಎತ್ತುವುದುಂಟು. ಮುಕ್ತ ಪರವಾನಗಿಗಳಲ್ಲಿ, ‘ಇದನ್ನು ಇದ್ದ ಹಾಗೆ ಕೊಟ್ಟಿದೆ, ಯಾವ ಭರವಸೆಯೂ ಇಲ್ಲ’ ಎಂಬ ಅರ್ಥದ ವಾಕ್ಯವು ಇದ್ದೇ ಇರುತ್ತದೆ. ಹಾಗಿರಲು, ಸಂಬಳವಿಲ್ಲದ ಪಾಲಕನಿಗೆ ಕರ್ತವ್ಯವೆಂಬುದು ಎಲ್ಲಿಂದ ಬಂದಿತು? ಈ ಆಕ್ಷೇಪವು ನ್ಯಾಯಾಲಯದಲ್ಲಿ ಸಲ್ಲುತ್ತದೆ. ಅದರ ಹೊರಗೆ ಸಲ್ಲದು. ಬೇಸಗೆಯಲ್ಲಿ ದಾರಿಯ ಪಕ್ಕದಲ್ಲಿ ಅರವಟ್ಟಿಗೆಯನ್ನಿಡುವವನಿಗೂ ಯಾರೂ ಸಂಬಳ ಕೊಡುವುದಿಲ್ಲ. ಇಷ್ಟೇ ದಿನ ಇಡಬೇಕೆಂಬ ಕಾನೂನಿಲ್ಲ; ಪಾನಕವನ್ನೇ ಕೊಡಬೇಕೆಂದು ಯಾವ ದಾರಿಹೋಕನೂ ಹಟಹಿಡಿಯುವಂತಿಲ್ಲ. ಆದರೆ ನೀರಿನ ಗಡಿಗೆಗೆ ಮುಚ್ಚಳವಿಡಬೇಕಾದುದೂ, ಇಡುವುದು ನಿಂತಮೇಲೆ ಹಳಸಿದ ನೀರಿನ ಗಡಿಗೆಯನ್ನು ದಾರಿಯಲ್ಲಿ ಬಿಟ್ಟುಹೋಗದಿರಬೇಕಾದುದೂ ಅವನ ಧರ್ಮ. ಈ ಧರ್ಮವು ಹುಟ್ಟುವುದು ಕೂಲಿಯಿಂದಲ್ಲ. ‘ಬನ್ನಿ, ಕುಡಿಯಿರಿ’ ಎಂದು ಕರೆದುದರಿಂದ. ಹೆಸರನ್ನು ಹಾಕಿ, ಮುದ್ರೆಯನ್ನೊತ್ತಿ, ಜನರನ್ನು ಕರೆದ ಪಾಲಕನೂ ಅದೇ ಕರೆಯಿಂದ ಬದ್ಧನಾಗಿರುತ್ತಾನೆ.

ಹಾಗಾದರೆ ಪಾಲಕನ ಕರ್ತವ್ಯಗಳ ಎಲ್ಲೆಯೆಲ್ಲಿ? ಬಂದ ಕಾಗದಕ್ಕೆಲ್ಲ ಉತ್ತರ ಬರೆಯುವುದು, ಕೇಳಿದವರು ಕೇಳಿದ ಸೌಕರ್ಯವನ್ನೆಲ್ಲ ಸೇರಿಸುವುದು, ನಿದ್ರೆಗೆಟ್ಟು ದೊಡ್ಡ ಕಂಪನಿಗಳ ಕೆಲಸ ಮುಗಿಸಿಕೊಡುವುದು, ಇವು ಯಾವುವೂ ಅವನ ಕರ್ತವ್ಯವಲ್ಲ. ಇಲ್ಲವೆನ್ನುವ ಅಧಿಕಾರ ಅವನಿಗೆ ಪೂರ್ಣವಾಗಿ ಉಂಟು. ಎಲ್ಲಕ್ಕೂ ಹೂಂ ಎನ್ನುವ ಸಂಪಾದಕನ ಕೈಯಲ್ಲಿ ಯಾವ ಗ್ರಂಥವೂ ಶುದ್ಧವಾಗಿ ಉಳಿಯಲಾರದು. ಅವನು ತಪ್ಪಿಸಿಕೊಳ್ಳಲಾಗದ ಕರ್ತವ್ಯಗಳು ಮೂರೇ. ಮೊದಲನೆಯದು, ಯಾವ ತಿದ್ದುಪಡಿಯನ್ನು ಯಾರು ಯಾವ ಕ್ರಮದಿಂದ ಒಪ್ಪುತ್ತಾರೆಂಬ ನಿಯಮವನ್ನು ಬರೆದು ಎಲ್ಲರಿಗೂ ಕಾಣುವಂತೆ ಇಡುವುದು. ಎರಡನೆಯದು, ಪ್ರಕಟಣೆಯ ಕೀಲಿಯನ್ನು, ಎಂದರೆ ಹೊಸ ಆವೃತ್ತಿಗೆ ಮುದ್ರೆಯೊತ್ತುವ ಗುಪ್ತಾಕ್ಷರಗಳನ್ನು, ತಾನೊಬ್ಬನೇ ಇಟ್ಟುಕೊಳ್ಳದೆ ಪರೀಕ್ಷಿತರಾದ ಇನ್ನಿಬ್ಬರೊಡನೆ ಹಂಚಿಕೊಂಡು, ಒಬ್ಬನು ಮಾಡಿದುದನ್ನು ಮತ್ತೊಬ್ಬನು ನೋಡುವಂತೆ ಏರ್ಪಡಿಸುವುದು. ಮೂರನೆಯದು, ಕೈಲಾಗದೆ ಹೋದಾಗ ಹೇಳಿ ಬಿಡುವುದು. ತಕ್ಕ ಉತ್ತರಾಧಿಕಾರಿ ಸಿಕ್ಕದಿದ್ದರೆ ‘ಇದಕ್ಕೆ ಇನ್ನು ಪಾಲಕರಿಲ್ಲ’ ಎಂದು ಬಾಗಿಲ ಮೇಲೆಯೇ ಬರೆದಿಡುವುದು. ಈ ಮೂರಕ್ಕೂ ದುಡ್ಡು ಬೇಕಾಗಿಲ್ಲ; ತಾನು ಒಡೆಯನೆಂಬ ಭಾವವನ್ನು ಬಿಟ್ಟರೆ ಸಾಕು.

ಇವನ್ನು ಕಡೆಗಣಿಸಿದರೆ ಏನಾಗುವುದೆಂಬುದಕ್ಕೆ 2024ರಲ್ಲಿ ಬಯಲಾದ ಒಂದು ಪ್ರಕರಣವು ಸಾಕ್ಷಿಯಾಗಿದೆ. ಕಡತಗಳನ್ನು ಸಂಕ್ಷೇಪಿಸುವ ‘ಎಕ್ಸ್‌ಜೆಡ್’ ಎಂಬ ಸಣ್ಣ ತಂತ್ರಾಂಶವೊಂದಿದೆ. ಜಗತ್ತಿನ ಅಸಂಖ್ಯ ಲಿನಕ್ಸ್ ಯಂತ್ರಗಳು ಅದನ್ನು ಬಳಸುತ್ತವೆ. ಫಿನ್ಲೆಂಡಿನ ಲಾಸೆ ಕೋಲಿನ್ ಎಂಬವರು ಅದನ್ನು ಬಹುಕಾಲ ಒಬ್ಬರೇ ಸಂಬಳವಿಲ್ಲದೆ ಪಾಲಿಸಿಕೊಂಡು ಬಂದರು. 2022ರಲ್ಲಿ ಕೆಲವು ಅಪರಿಚಿತ ಹೆಸರುಗಳಿಂದ ಅವರಿಗೆ ದೂರಿನ ಮೇಲೆ ದೂರು ಬರತೊಡಗಿತು: ಕೆಲಸ ನಿಧಾನವಾಗಿದೆ, ಬೇರೆಯವರಿಗೆ ವಹಿಸಿಕೊಡಿ, ಎಂದು. ತಮಗೆ ಬಹುದಿನಗಳಿಂದ ಮನಸ್ಸಿನ ಸ್ವಾಸ್ಥ್ಯ ಸರಿಯಿಲ್ಲವೆಂದೂ, ಇದು ಸಂಬಳವಿಲ್ಲದ ಹವ್ಯಾಸದ ಕೆಲಸವೆಂಬುದನ್ನು ಮರೆಯಬಾರದೆಂದೂ ಅವರು ಬಹಿರಂಗವಾಗಿ ಉತ್ತರವಿತ್ತರು. ಆ ವೇಳೆಗೆ ಜಿಯಾ ತಾನ್ ಎಂಬ ಹೆಸರನ್ನು ಹೊತ್ತ ಒಬ್ಬನು ವಿನಯದಿಂದ ಒಳ್ಳೆಯ ತಿದ್ದುಪಡಿಗಳನ್ನು ಕಳುಹಿಸಿ ನಂಬಿಕೆಯನ್ನು ಸಂಪಾದಿಸಿದ್ದನು; ಕಾಲಕ್ರಮದಲ್ಲಿ ಅವನೂ ಪಾಲಕನಾದನು. 2024ರ ಫೆಬ್ರವರಿ, ಮಾರ್ಚಿಗಳಲ್ಲಿ ಹೊರಟ ಆವೃತ್ತಿಗಳಲ್ಲಿ ಅವನು ಗುಟ್ಟಾಗಿ ಒಂದು ಕಳ್ಳಗಿಂಡಿಯನ್ನು ಕೊರೆದಿಟ್ಟನು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು ತಮ್ಮ ಯಂತ್ರವನ್ನು ಪ್ರವೇಶಿಸುವುದಕ್ಕೆ ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದೇಕೆಂದು ಶೋಧಿಸುತ್ತ ಹೋಗಿ, ಮಾರ್ಚ್ 29ರಂದು ಅದನ್ನು ಬಯಲಿಗೆಳೆಯದಿದ್ದರೆ, ಆ ಕಳ್ಳಗಿಂಡಿಯು ಜಗತ್ತಿನ ಯಂತ್ರಗಳಲ್ಲೆಲ್ಲ ಹರಡುತ್ತಿದ್ದಿತು.

ಈ ಪ್ರಕರಣದಲ್ಲಿ ತಪ್ಪು ಯಾರದು? ದಣಿದ ಪಾಲಕರದೆನ್ನುವುದು ಸುಲಭ. ಆದರೆ ಅದು ನ್ಯಾಯವಲ್ಲ. ಕೋಟ್ಯಂತರ ರೂಪಾಯಿಗಳ ವಹಿವಾಟನ್ನು ಆ ಏರಿಯ ಕೆಳಗೆ ನಡೆಸುತ್ತಿದ್ದ ಸಂಸ್ಥೆಗಳು ಏರಿಯ ಮೇಲೆ ಒಬ್ಬನೇ ಒಬ್ಬನು ಕಾವಲಿದ್ದಾನೆಂಬುದನ್ನು ವಿಚಾರಿಸಲಿಲ್ಲ. ಅವನು ದಣಿದಿದ್ದೇನೆಂದಾಗಲೂ ಒಂದು ಹೆಗಲನ್ನು ಕಳುಹಿಸಲಿಲ್ಲ. ಅವನ ಬಳಿಗೆ ನೆರವಾಗಲು ಬಂದವನು ಕಳ್ಳನೊಬ್ಬನೇ. ಬಳಸುವವರ ಗದರಿಕೆಯು ಹೇಗೆ ಕಳ್ಳನ ಆಯುಧವಾಯಿತೆಂಬುದನ್ನೂ ಗಮನಿಸಬೇಕು. ‘ಬೇಗ ಮಾಡು, ಇಲ್ಲವೆ ಬಿಟ್ಟುಹೋಗು’ ಎಂಬ ಮಾತನ್ನು ಸಾವಿರಾರು ಸಜ್ಜನರು ಸಾವಿರಾರು ಪಾಲಕರಿಗೆ ಹೇಳುತ್ತಿದ್ದುದರಿಂದಲೇ ಕಳ್ಳನು ಅದೇ ಮಾತನ್ನಾಡಿದಾಗ ಅದು ಅಸಹಜವಾಗಿ ಕೇಳಿಸಲಿಲ್ಲ.

ಕೀಲಿಯು ಒಬ್ಬನ ಬಳಿ ಇರುವುದು ಅವನಿಗೂ ಕ್ಷೇಮವಲ್ಲ. ಹಾರ್ಫ್‌ಬಜ್‌ನ ಪಾಲಕರಾದ ಎಸ್ಫಹ್‌ಬೋದ್ ಅವರು 2020ರ ಜನವರಿಯಲ್ಲಿ ತಾಯ್ನಾಡಿಗೆ ಹೋಗಿದ್ದಾಗ, ಅಲ್ಲಿಯ ಭದ್ರತಾಪಡೆಯವರು ತಮ್ಮನ್ನು ತೆಹರಾನಿನಲ್ಲಿ ಬಂಧಿಸಿ, ಏಕಾಂತ ಸೆರೆಯಲ್ಲಿಟ್ಟು, ಫೋನನ್ನೂ ಗಣಕವನ್ನೂ ವಶಪಡಿಸಿಕೊಂಡು, ಬೇಹುಗಾರನಾಗೆಂದು ಬಲವಂತಪಡಿಸಿದರೆಂಬುದನ್ನು ಅವರೇ ಮುಂದೆ ಪ್ರಕಟಪಡಿಸಿದರು. ಬಿಡುಗಡೆಯಾಗಿ ಬಂದ ಮೇಲೆ ಅವರು ಆ ಕೆಲಸವನ್ನು ಮಾಡಲಿಲ್ಲ. ಆದರೆ ಒಬ್ಬ ಮನುಷ್ಯನ ಧೈರ್ಯದ ಮೇಲೆ ಜಗತ್ತಿನ ಲಿಪಿಗಳ ಕ್ಷೇಮವನ್ನು ನಿಲ್ಲಿಸುವುದು ಯಾವ ನೀತಿ? ಕೀಲಿಯು ಮೂವರ ಬಳಿ ಇದ್ದು, ಒಬ್ಬನಿಂದ ಮಾತ್ರ ತೂಬು ತೆರೆಯಲಾರದೆಂದು ಲೋಕಕ್ಕೆ ತಿಳಿದಿದ್ದರೆ, ಆ ಒಬ್ಬನನ್ನು ಹಿಡಿದು ಹಿಂಸಿಸುವುದರಿಂದ ಪ್ರಯೋಜನವಿಲ್ಲವೆಂಬುದು ಹಿಂಸಕನಿಗೂ ಗೊತ್ತಿರುತ್ತದೆ. ಕೀಲಿಯ ಹಂಚಿಕೆಯು ಪಾಲಕನ ಮೇಲಿನ ಅಪನಂಬಿಕೆಯ ಗುರುತಲ್ಲ. ಅವನಿಗೆ ತೊಡಿಸಿದ ಕವಚ.

ಇನ್ನು ಒಡೆತನದ ಭ್ರಮೆಯ ಫಲವನ್ನು 2016ರ ಮಾರ್ಚಿಯಲ್ಲಿ ನೋಡಿದುದ್ದಾಯಿತು. ಪದದ ಎಡಬದಿಗೆ ಬೇಕಾದಷ್ಟು ತೆರಪನ್ನು ತುಂಬುವ, ಕೇವಲ 11 ಸಾಲುಗಳ ‘ಲೆಫ್ಟ್‌ಪ್ಯಾಡ್’ ಎಂಬ ತುಣುಕನ್ನು ಅದರ ಕರ್ತೃವು, ಹೆಸರಿನ ಜಗಳವೊಂದರಲ್ಲಿ ಬೇಸತ್ತು, ಸಾರ್ವಜನಿಕ ಭಂಡಾರದಿಂದ ಒಮ್ಮೆಲೇ ಹಿಂತೆಗೆದನು. ಅದನ್ನು ನೆಚ್ಚಿದ್ದ ಸಾವಿರಾರು ತಂತ್ರಾಂಶಗಳ ಕೆಲಸವು ಆ ಕ್ಷಣವೇ ನಿಂತುಹೋಯಿತು. ಭಂಡಾರವನ್ನು ನಡೆಸುವವರು ಕರ್ತೃವಿನ ಇಚ್ಛೆಯನ್ನು ಮೀರಿ ಅದನ್ನು ಮರಳಿ ಸ್ಥಾಪಿಸಿ, ಆಮೇಲೆ ನಿಯಮವನ್ನು ಬದಲಾಯಿಸಿದರು. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದಂತಾಯಿತು. ಕರ್ತೃವಿಗೆ ಅನ್ಯಾಯವಾಗಿದ್ದಿರಬಹುದು, ಆದರೂ ಊರು ನೀರು ಕುಡಿಯುತ್ತಿರುವಾಗ ತೂಬನ್ನೇ ಕಿತ್ತುಕೊಂಡು ಹೋಗುವುದು ನ್ಯಾಯ ಪಡೆಯುವ ದಾರಿಯಲ್ಲ. ಅವನ ದೂರನ್ನು ಕೇಳತಕ್ಕ ಪಂಚಾಯಿತಿಯೊಂದು ಮೊದಲೇ ಇದ್ದಿದ್ದರೆ ಕೀಳುವ ಪ್ರಸಂಗವೇ ಬರುತ್ತಿರಲಿಲ್ಲ.

ಸುವ್ಯವಸ್ಥೆಯು ಅಸಾಧ್ಯವೆಂದು ಕೈಕಟ್ಟಿ ಕೂರುವವರಿಗೆ ಎರಡು ದೃಷ್ಟಾಂತಗಳನ್ನು ತೋರಿಸಬಹುದು. ಡೆಬಿಯನ್ ಎಂಬ ಸ್ವಯಂಸೇವಕರ ಸಂಘವು 1993ರಲ್ಲಿ ಆರಂಭವಾಗಿ 1998ರಲ್ಲಿಯೇ ತನಗೊಂದು ಸಂವಿಧಾನವನ್ನು ಬರೆದುಕೊಂಡಿತು. ಅದರ ನಾಯಕನನ್ನು ಪ್ರತಿವರ್ಷವೂ ಸದಸ್ಯರು ಮತಹಾಕಿ ಆರಿಸುತ್ತಾರೆ. ಅವನ ತೀರ್ಮಾನವನ್ನು ರದ್ದುಪಡಿಸುವ ಅಧಿಕಾರವೂ ಸದಸ್ಯರಿಗೆ ಉಂಟು. ಪೈಥಾನ್ ಎಂಬ ಗಣಕಭಾಷೆಯ ಕರ್ತೃವಾದ ಗೈಡೋ ವಾನ್ ರೋಸಮ್ ಅವರನ್ನು ಜನರು ‘ಆಜೀವ ಹಿತಕಾರಿ ಸರ್ವಾಧಿಕಾರಿ’ ಎಂದು ಹಾಸ್ಯಕ್ಕೂ ಗೌರವಕ್ಕೂ ಕರೆಯುತ್ತಿದ್ದರು. 2018ರ ಜುಲೈಯಲ್ಲಿ, ಒಂದು ಕಹಿಯಾದ ವಿವಾದದ ತರುವಾಯ, ಅವರು ಆ ಪದವಿಯಿಂದ ತಾವಾಗಿ ಇಳಿದರು. ಉತ್ತರಾಧಿಕಾರಿಯನ್ನೂ ನೇಮಿಸಲಿಲ್ಲ, ಆಡಳಿತವನ್ನು ನೀವೇ ರೂಪಿಸಿಕೊಳ್ಳಿರೆಂದರು. ಸದಸ್ಯರು ಹಲವು ಯೋಜನೆಗಳನ್ನು ಚರ್ಚಿಸಿ, ಮತಹಾಕಿ, ಐವರ ಸಮಿತಿಯನ್ನು ಏರ್ಪಡಿಸಿಕೊಂಡರು. ಮೊದಲ ಸಮಿತಿಯು 2019ರಲ್ಲಿ ಚುನಾಯಿತವಾಯಿತು. ಒಂದೇ ಕಂಪನಿಯ ನೌಕರರು ಆ ಸಮಿತಿಯಲ್ಲಿ ಇಬ್ಬರಿಗಿಂತ ಹೆಚ್ಚು ಇರಕೂಡದೆಂಬ ನಿಯಮವು ಮನನೀಯವಾದುದು. ಕೆರೆಯ ಕೆಳಗೆ ದೊಡ್ಡ ಗದ್ದೆಯಿರುವವನೇ ತೂಬಿನ ಕೀಲಿಯನ್ನೂ ಹಿಡಿದರೆ ಕಡೆಯ ಗದ್ದೆಗೆ ನೀರು ಬಾರದೆಂಬುದನ್ನು ಮಂಡ್ಯದ ರೈತರಿಗೆ ಯಾರೂ ಕಲಿಸಬೇಕಾದುದಿಲ್ಲ.

ಸಣ್ಣ ಕೆಲಸಗಳಿಗೆ ಸಂವಿಧಾನವೇಕೆಂದು ಕೇಳಬಹುದು. ಹಳ್ಳಿಯ ಗಣೇಶೋತ್ಸವಕ್ಕೂ ಚಂದಾಪುಸ್ತಕವೂ ಖಜಾಂಚಿಯೂ ಇರುತ್ತಾರೆ. 1960ರ ಸಂಘಗಳ ನೋಂದಣಿ ಶಾಸನದಂತೆ ನೋಂದಾಯಿತವಾದ ಚಿಕ್ಕ ಸಾಹಿತ್ಯ ಸಂಘವೂ ವರ್ಷಕ್ಕೊಮ್ಮೆ ಮಹಾಸಭೆಯನ್ನು ನಡೆಸಿ, ಲೆಕ್ಕಪರಿಶೋಧನೆ ಮಾಡಿಸಿ, ಕಾರ್ಯಕಾರಿ ಸಮಿತಿಯ ಪಟ್ಟಿಯನ್ನು ಒಪ್ಪಿಸುತ್ತದೆ. ಆ ಸಂಘದ ಪತ್ರಿಕೆಯನ್ನು ಓದಿಸುವ ಅಕ್ಷರಗಳಿಗೂ ಪರಿವರ್ತಕಗಳಿಗೂ ಮಾತ್ರ ಅಧ್ಯಕ್ಷನೂ ಇಲ್ಲ, ಕಾರ್ಯದರ್ಶಿಯೂ ಇಲ್ಲ, ಉತ್ತರಾಧಿಕಾರಿಯೂ ಇಲ್ಲವೆಂದರೆ ವಿಪರ್ಯಾಸವಲ್ಲವೆ? ಸಣ್ಣ ತಂತ್ರಾಂಶಕ್ಕೆ ಬೇಕಾದುದು ಒಂದು ಪುಟದ ನಿಯಮ, ಎರಡನೆಯ ಕೀಲಿಗಾರನ ಹೆಸರು, ಇಷ್ಟೇ. ಅಲರ್ ನಿಘಂಟಿನ ದೃಷ್ಟಾಂತವು ಇಲ್ಲಿ ಸ್ಮರಣೀಯವಾದುದು: ಮುಕ್ತ ಪರವಾನಗಿಯಲ್ಲಿ ಅದರ ದತ್ತಾಂಶವನ್ನೆಲ್ಲ ಲೋಕಕ್ಕೆ ಕೊಟ್ಟುದರಿಂದ, ಅದನ್ನು ತೋರಿಸುವ ಜಾಲತಾಣವು ನಾಳೆ ಮುಚ್ಚಿದರೂ ಆ ದಶಕಗಳ ಶ್ರಮವು ನಷ್ಟವಾಗದು. ಪರವಾನಗಿಯು ಬೀಜವನ್ನು ಉಳಿಸುತ್ತದೆ. ಬೀಜವನ್ನು ವರ್ಷವರ್ಷವೂ ಬಿತ್ತಿ ಬೆಳೆಯುವುದಕ್ಕೆ ಮಾತ್ರ ಪಾಲಕರೇ ಬೇಕು.

ಇಷ್ಟರವರೆಗೆ ಪಾಲಕನ ಧರ್ಮವಾಯಿತು. ಇನ್ನು ಬಳಸುವವರ ಧರ್ಮ. ಅಂತರಜಾಲದ ವ್ಯವಹಾರವನ್ನು ಗುಪ್ತವಾಗಿಡುವ ಓಪನ್‌ಎಸ್ಎಸ್ಎಲ್ ಎಂಬ ತಂತ್ರಾಂಶದಲ್ಲಿ 2014ರ ಏಪ್ರಿಲ್‌ನಲ್ಲಿ ಒಂದು ಘೋರವಾದ ಲೋಪವು ಕಾಣಿಸಿತು. ಲೋಕದ ಬ್ಯಾಂಕುಗಳೂ ಅಂಗಡಿಗಳೂ ಅದನ್ನು ನಂಬಿದ್ದವು. ಆದರೆ ಅದಕ್ಕೆ ಬರುತ್ತಿದ್ದ ದೇಣಿಗೆಯು ವರ್ಷಕ್ಕೆ ಸುಮಾರು 2,000 ಡಾಲರುಗಳು, ಪೂರ್ಣಾವಧಿ ದುಡಿಯುತ್ತಿದ್ದವನು ಒಬ್ಬನೇ! ಕಣವನ್ನು ಗುಡಿಸಿ ಒಯ್ದು ನೀರುಗಂಟಿಗೆ ಒಂದು ಹಿಡಿ ಕಾಳನ್ನೂ ಬಿಡದ ಊರು ಏರಿ ಒಡೆದಾಗ ಯಾರನ್ನು ಬೈಯಬೇಕು? ಬೆಂಗಳೂರಿನ ಝೆರೋಧ ಸಂಸ್ಥೆಯವರು 2024ರ ಅಕ್ಟೋಬರಿನಲ್ಲಿ, ಮುಕ್ತ ತಂತ್ರಾಂಶಗಳ ಪಾಲನೆಗಾಗಿ ವರ್ಷಕ್ಕೆ 10 ಲಕ್ಷ ಡಾಲರುಗಳ ನಿಧಿಯೊಂದನ್ನು ಘೋಷಿಸಿದುದು ಈ ದೃಷ್ಟಿಯಿಂದ ಶ್ಲಾಘ್ಯವಾದುದು. ಆದರೆ ಒಬ್ಬ ಶ್ರೀಮಂತನ ಔದಾರ್ಯವು ಆಯಕ್ಕೆ ಸಮನಾಗದು. ಔದಾರ್ಯವು ಕೊಡುವವನ ಮನಸ್ಸಿನಂತೆ. ಆಯವು ಪಡೆಯುವವನ ಹಕ್ಕಿನಂತೆ. ಬೆಂಗಳೂರಿನ ತಂತ್ರಾಂಶೋದ್ಯಮವು ದಿನವೂ ಉಣ್ಣುತ್ತಿರುವ ಮುಕ್ತ ಕೃತಿಗಳಿಗೆ ತನ್ನ ಲಾಭದಿಂದ ಒಂದು ಗೊತ್ತಾದ ಭಾಗವನ್ನೂ, ನೌಕರರ ವೇಳೆಯಿಂದ ಒಂದು ಗೊತ್ತಾದ ಪಾಲನ್ನೂ ಪ್ರತಿವರ್ಷ ಅಳೆದುಕೊಡಬೇಕಾದುದು ದಾನವಲ್ಲ, ಋಣಪರಿಹಾರ.

ಸರ್ಕಾರವೇ ಇವನ್ನೆಲ್ಲ ವಹಿಸಿಕೊಳ್ಳಬಾರದೇಕೆ ಎಂಬ ಮಾತೂ ಕೇಳಿಬರುತ್ತದೆ. ಕೆರೆಗಳ ಅನುಭವವು ಇದಕ್ಕೆ ಉತ್ತರ ಹೇಳುತ್ತದೆ. ದೊಡ್ಡ ಕೆರೆಗಳು ಇಲಾಖೆಯ ವಶಕ್ಕೂ ಸಣ್ಣವು ಪಂಚಾಯಿತಿಯ ವಶಕ್ಕೂ ಹೋದ ಮೇಲೆ, ಏರಿಯ ಮೇಲಿನ ಮುಳ್ಳುಗಿಡವನ್ನು ಕೀಳುವುದೂ ಕಾಲುವೆಯ ಹೂಳನ್ನು ತೆಗೆಯುವುದೂ ತಮ್ಮ ಕೆಲಸವೆಂಬುದು ಎಷ್ಟೋ ಊರುಗಳಿಗೆ ಮರೆತುಹೋಯಿತು. ಸರ್ಕಾರವು ಹಣ ಕೊಡಲಿ. ಸಾರ್ವಜನಿಕರ ಹಣದಿಂದ ಸಿದ್ಧವಾದ ಪ್ರತಿಯೊಂದು ಕನ್ನಡ ತಂತ್ರಾಂಶದ ಮೂಲಪಾಠವೂ ಸಾರ್ವಜನಿಕರಿಗೆ ತೆರೆದಿರತಕ್ಕದ್ದೆಂದು ಕಟ್ಟಳೆಯನ್ನು ಮಾಡಲಿ. ಆದರೆ ಮಂತ್ರಿಮಂಡಲ ಬದಲಾದಂತೆಲ್ಲ ಬದಲಾಗುವ ಕಡತದೊಳಗೆ ಒಂದೇ ಕೀಲಿಯನ್ನು ಹಾಕಿಡುವುದು, ಒಬ್ಬ ಸ್ವಯಂಸೇವಕನ ಕಿಸೆಯಲ್ಲಿ ಇಡುವುದಕ್ಕಿಂತ ಕ್ಷೇಮವಾದುದೇನಲ್ಲ.

ವಿದ್ಯಾವಂತ ಗೃಹಸ್ಥರು ತಾವು ಯಂತ್ರವಿದ್ಯೆಯನ್ನರಿಯೆವೆಂದು ನುಣುಚಿಕೊಳ್ಳಬಹುದು. ಆದರೆ ಒತ್ತಕ್ಷರವು ತಪ್ಪಾಗಿ ಮೂಡಿದರೆ ಎಲ್ಲಿ, ಯಾವ ಪದದಲ್ಲಿ, ಯಾವ ಯಂತ್ರದಲ್ಲಿ ಎಂಬುದನ್ನು ಸಭ್ಯತೆಯಿಂದ ಬರೆದು ತಿಳಿಸುವುದಕ್ಕೆ ಕನ್ನಡ ಬಂದರೆ ಸಾಕು. ಆ ಕೆಲಸವನ್ನು ಕನ್ನಡ ಬಾರದ ಪಾಲಕನು ಎಷ್ಟು ಪಂಡಿತನಾದರೂ ಮಾಡಲಾರನು. ನಿಘಂಟಿನಲ್ಲಿಲ್ಲದ ಮಂಡ್ಯದ ಮಾತೊಂದನ್ನು ಅರ್ಥದೊಡನೆ ಕಳುಹಿಸುವುದು, ಬಳಕೆಯ ಸೂಚನೆಗಳನ್ನು ಕನ್ನಡಿಸುವುದು, ಸಾಧ್ಯವಿದ್ದವರು ವರ್ಷಕ್ಕೊಂದು ಸಣ್ಣ ಮೊತ್ತವನ್ನು ಕೊಡುವುದು, ಇವೆಲ್ಲವೂ ಏರಿಗೆ ಹಾಕುವ ಒಂದೊಂದು ಮಂಕರಿ ಮಣ್ಣು. ಜಿಲ್ಲಾ ಸಂಘಗಳು ಇನ್ನೂ ಹೆಚ್ಚಿನದನ್ನು ಮಾಡಬಲ್ಲವು. ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ ಒಂದು ವಿಷಯವನ್ನು ಸೇರಿಸಲಿ: ಸಂಘದ ಬರಹ, ಮುದ್ರಣ, ಸಂಗ್ರಹಗಳು ಯಾವ ಯಾವ ಮುಕ್ತ ತಂತ್ರಾಂಶಗಳ ಮೇಲೆ ನಿಂತಿವೆ, ಅವುಗಳ ಪಾಲಕರು ಯಾರು, ಎರಡನೆಯ ಕೀಲಿ ಯಾರ ಬಳಿ ಇದೆ, ಸಂಘವು ಅವರಿಗೆ ಈ ವರ್ಷ ಏನು ಕೊಟ್ಟಿತು? ಈ ಪಟ್ಟಿಯು ಬರೆಯುವುದಕ್ಕೆ ಒಂದು ಹಾಳೆಗಿಂತ ಹೆಚ್ಚಾಗದು. ಕೊನೆಯ ಅಂಕಣವು ಮಾತ್ರ ಬಹುಪಾಲು ಸಂಘಗಳಲ್ಲಿ ಖಾಲಿಯಾಗಿ ಉಳಿಯುವುದು. ಆ ಖಾಲಿ ಅಂಕಣವನ್ನು ತುಂಬದವರಿಗೆ, ಏರಿ ಒಡೆದ ದಿನ ನೀರುಗಂಟಿಯನ್ನು ದೂರುವ ಅಧಿಕಾರವಿಲ್ಲ.